ಕೆಂಪಿಗೆ ದೊಡ್ಡ ಚಕ್ರ

ಮನೆ, ಹೊಲಿಗೆ ಕೋಣೆ
ತಾರೀಖು ೧೪, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅತ್ತೆ,

ಮೊದಲು ನಿಮ್ಮ ಮಂಡಿಯ ಸಮಾಚಾರ ಹೇಳಿ. ಊತ ಇಳಿಯಿತೆ? ಮಗ್ಗುಲು ಬದಲಿಸುವಾಗ ಈಗಲೂ ಚುಳುಕ್ ಅನ್ನುತ್ತದೆಯೆ? ಹೊಲಿಗೆ ಬಿಚ್ಚುವ ಮುಂಚೆ ಚಿಕ್ಕತ್ತೆ ಕಳಿಸಿದ್ದ ಫೋಟೋ ನೋಡಿದೆ. ಡಾಕ್ಟರದು ಪಳಗಿದ ಕೈಯೇ, ಅನುಮಾನವಿಲ್ಲ. ಆದರೆ ಕೊನೆಯ ನಾಲ್ಕು ಹೊಲಿಗೆ ಅವಸರದಲ್ಲಿ ಹಾಕಿದ್ದಾರೆ, ಊಟದ ಹೊತ್ತಾಗಿತ್ತೋ ಏನೋ. ಊರುಗೋಲು ಹಿಡಿಯದೆ ವರಾಂಡದಲ್ಲಿ ಎಂಬತ್ತು ಹೆಜ್ಜೆ ನಡೆದೆನೆಂದು ಶುಕ್ರವಾರ ನೀವು ಫೋನಿನಲ್ಲಿ ಹೇಳಿದಿರಲ್ಲ, ಆ ಖುಷಿಯಲ್ಲಿ ನಾನು ಯಾರದೋ ಕೋಟಿಗೆ ಗುಂಡಿ ಹಾಕುವುದನ್ನೇ ಮರೆತು ಇಸ್ತ್ರಿ ಮಾಡಿ ಕಳಿಸಿಬಿಟ್ಟೆ. ಎಂಬತ್ತು ಅಂದರೆ ಸಣ್ಣ ಮಾತಲ್ಲ. ಎರಡು ತಿಂಗಳ ಹಿಂದೆ ಅಡುಗೆಮನೆಯಿಂದ ಈ ಕೋಣೆಗೆ ಬರುವಷ್ಟರಲ್ಲಿ ನೀವು ಎರಡು ಕಡೆ ಗೋಡೆ ಹಿಡಿಯುತ್ತಿದ್ದಿರಿ. ಇಲ್ಲಿ ನಾವು ಮೂವರೂ ಆರೋಗ್ಯ. ನಿಮ್ಮ ಮಗ ದಿನಕ್ಕೊಂದು ಸಾಮಾನು ಕಾಣಿಸುತ್ತಿಲ್ಲ ಅನ್ನುತ್ತಾರೆ. ನಿನ್ನೆ ಕಾಣಿಸದೆ ಹೋದದ್ದು ಅವರ ಕೊರಳಲ್ಲೇ ನೇತಾಡುತ್ತಿದ್ದ ಕನ್ನಡಕ.

ಇಷ್ಟಕ್ಕೆ ಕಾಗದ ಯಾಕೆ, ಫೋನಿಲ್ಲವೆ ಅನ್ನುತ್ತೀರಿ. ಫೋನು ಮಾಡಿದರೆ ಮಾವ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂರುತ್ತಾರೆ. ಮೆಸೇಜು ಕಳಿಸಿದರೆ ಚಿಕ್ಕತ್ತೆ ಅದನ್ನು ಗಲ್ಲಿಗೆಲ್ಲ ಕೇಳಿಸುವ ಹಾಗೆ ಓದುತ್ತಾರೆ, ಅವರಿಗೆ ಗುಟ್ಟಾಗಿ ಓದುವ ವಿದ್ಯೆ ಬರುವುದಿಲ್ಲ. ಈ ಕಾಗದ ನೀವೊಬ್ಬರೇ ಓದಬೇಕು. ವಿಷಯ ಏನೆಂದರೆ, ಮಾವ ಕೆಂಪಿಗೆ ದೊಡ್ಡ ಚಕ್ರ ಹಾಕಿಸಿದ್ದಾರೆ.

ತಡೆಯಿರಿ, ಈಗಲೇ ಬೈಯಬೇಡಿ. ನಾನೂ ಮೊದಲು ಬೈದುಕೊಂಡೆ. ಎರಡೇ ಸೀಟು, ಬಟ್ಟೆಯ ಮಾಡು, ಹೊಟ್ಟೆ ನೆಲಕ್ಕೆ ಹಚ್ಚಿಕೊಂಡು ಓಡುವ ಆ ಹಳೇ ಸ್ಪೋರ್ಟ್ಸ್ ಕಾರಿಗೆ ಈ ವಯಸ್ಸಿನಲ್ಲಿ ಹೊಸ ಷೋಕಿ ಏಕೆ ಎಂದು. ಮದುವೆಯಾಗಿ ಈ ಮನೆಗೆ ಬಂದ ದಿನ ಬಾಗಿಲಲ್ಲಿ ಅದನ್ನು ನೋಡಿ, ಇದು ಯಾರೋ ಮಕ್ಕಳಿಗೆ ಮಾಡಿಸಿದ್ದಿರಬೇಕು ಅಂದುಕೊಂಡವಳು ನಾನು. ಆಮೇಲೆ ಗೊತ್ತಾಯಿತು, ಅದು ನಿಮ್ಮಿಬ್ಬರದು, ಮೂವತ್ತೆಂಟು ವರ್ಷದಿಂದ ಅದರ ಎಡಗಡೆ ಸೀಟಿನಲ್ಲಿ ನಿಮ್ಮನ್ನು ಬಿಟ್ಟು ಬೇರೆಯವರು ಕೂತದ್ದು ಬೆರಳೆಣಿಕೆ. ಆಪರೇಷನ್ನಿಗೆ ಹೊರಟ ದಿನ ನೀವು ಅದರ ಬಾಗಿಲು ತೆಗೆದು, ಒಂದು ಕಾಲು ಒಳಗಿಟ್ಟು, ಕೂರಲಾರದೆ ಹಿಂದಕ್ಕೆ ತೆಗೆದಿರಿ. “ಇದರೊಳಗೆ ಕೂರೋದು ಅಂದ್ರೆ ಬಾವಿಗೆ ಇಳಿದ ಹಾಗೆ. ಇನ್ಮೇಲೆ ನನ್ನ ಕೈಲಾಗಲ್ಲ, ಕ್ರೇನ್ ತರಿಸಿ” ಅಂದಿರಿ. ನೀವೂ ನಕ್ಕಿರಿ, ನಾವೂ ನಕ್ಕೆವು. ಬಾಡಿಗೆ ವ್ಯಾನು ಬಂತು, ನೀವು ಅದರಲ್ಲಿ ಹೋದಿರಿ. ಮಾವ ಆ ವ್ಯಾನಿನ ಹಿಂದೆ ಕೆಂಪಿಯಲ್ಲಿ ಒಬ್ಬರೇ ಹೋದದ್ದು ನಿಮಗೆ ಹಿಂದಿನ ಗಾಜಿನಲ್ಲಿ ಕಂಡಿರಬಹುದು. ಅವರು ನಕ್ಕಿರಲಿಲ್ಲ ಅನ್ನುವುದು ನನಗೆ ಹೊಳೆದದ್ದು ಬಹಳ ದಿನದ ಮೇಲೆ.

ನಿಮ್ಮನ್ನು ಚಿಕ್ಕತ್ತೆಯ ಮನೆಯಲ್ಲಿ ಬಿಟ್ಟು ಮಾವ ವಾಪಸು ಬಂದ ಮರುದಿನದಿಂದ ಅಳತೆ ಶುರುವಾಯಿತು. ಮೂವತ್ತು ವರ್ಷ ತೂಕ-ಅಳತೆ ಇನ್ಸ್‌ಪೆಕ್ಟರಾಗಿ ಊರಿನ ಅಂಗಡಿಯವರ ತಕ್ಕಡಿಗಳಿಗೆಲ್ಲ ಬೆವರಿಳಿಸಿದ ಮನುಷ್ಯ, ಮನೆಗೆ ತಂದ ಸಕ್ಕರೆಯನ್ನೂ ಇನ್ನೊಮ್ಮೆ ತೂಗದೆ ಡಬ್ಬಕ್ಕೆ ಹಾಕಲು ಬಿಡದವರು, ಈಗ ನನ್ನ ಹೊಲಿಗೆ ಟೇಪು ಇಸಿದುಕೊಂಡು ಕೆಂಪಿಯ ಕೆಳಗೆ ಮಲಗಿದರು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎಷ್ಟು ಜಾಗ, ಟೈರಿಗೂ ಒಳಗಿನ ಕಂಬಿಗೂ ಎಷ್ಟು, ಎಲ್ಲ ಬರೆದುಕೊಂಡರು. ಅಳೆದೂ ಸುರಿದೂ ಮೂರನೇ ವಾರ ಅಡ್ಡಳತೆಯಲ್ಲಿ ಒಂದೂವರೆ ಇಂಚು ದೊಡ್ಡ ಚಕ್ರಕ್ಕೆ ಹೇಳಿಬಿಟ್ಟರು. ಕಾರಣ ಕೇಳಿದರೆ “ಹಳೇ ಅಳತೆ ಟೈರು ಈಗ ಎಲ್ಲೂ ಸಿಗಲ್ಲ ಕಣಮ್ಮ” ಅಂದರು. ಗ್ಯಾರೇಜಿನ ಬೋಲ್ಟು ಮೇಷ್ಟ್ರು ನಿಮಗೆ ಗೊತ್ತಲ್ಲ, ಟೆಕ್ನಿಕಲ್ ಸ್ಕೂಲಿನಲ್ಲಿ ಪಾಠ ಹೇಳಿ ರಿಟೈರಾದ ಮೇಲೂ ಗಿರಾಕಿಗಳಿಗೆ ಪಾಠ ಹೇಳುವುದು ಬಿಡದವರು, ಅವರು ಸುಮ್ಮನಿರಲಿಲ್ಲ. “ಮೂಗಿಗಿಂತ ಮೂಗುತಿ ಭಾರ ಆಗುತ್ತೆ ಸಾರ್, ಇದಕ್ಕೆ ಪವರ್ ಸ್ಟಿಯರಿಂಗ್ ಇಲ್ಲ, ನೆನಪಿರಲಿ” ಅಂದರಂತೆ. ಮಾವನ ಮುಂದೆ ಅಳತೆಯ ವಿಷಯ ಮಾತಾಡಿ ಗೆದ್ದವರು ಯಾರಿದ್ದಾರೆ.

ಚಕ್ರ ಹಾಕಿಸಿಕೊಂಡು ಬಂದ ಕೆಂಪಿಯನ್ನು ನೋಡಿದಾಗ ನನಗೂ ಬೈಗುಳ ಮರೆತುಹೋಯಿತು, ನಿಜ ಹೇಳುತ್ತೇನೆ. ಎಷ್ಟು ಲಕ್ಷಣವಾಗಿ ನಿಂತಿತ್ತು ಅಂತೀರಿ. ಕೂತಿದ್ದವರು ಯಾರೋ ಬಂದರೆಂದು ಅರ್ಧ ಎದ್ದ ಹಾಗಿತ್ತು. ಮಾವ ಕರವಸ್ತ್ರದಿಂದ ಒಂದೊಂದು ಚಕ್ರವನ್ನೂ ಒರೆಸಿದರು. ಆಮೇಲೆ ನನ್ನನ್ನು ಕೂರಿಸಿಕೊಂಡು ಹೊರಟರು, ಬೀದಿ ಕೊನೆಯಲ್ಲಿ ಎಡಕ್ಕೆ ಪೂರ್ತಿ ತಿರುಗಿಸಿದರು, ಕರ್ರ್ ಎಂದು ಹೊಸ ಕತ್ತರಿಯಲ್ಲಿ ತಗಡು ಕತ್ತರಿಸಿದಂಥ ಸದ್ದು. ಟೈರು ಹೋಗಿ ಮಡ್‌ಗಾರ್ಡಿಗೆ ತಿಕ್ಕಿತ್ತು. ಇಳಿದು ನೋಡಿದೆವು. ಚಕ್ರ ನೆಟ್ಟಗಿದ್ದಾಗ ಎರಡು ಬೆರಳು ಜಾಗವಿದೆ, ತಿರುಗಿಸಿದರೆ ಒಂದು ದಾರವೂ ಹಿಡಿಸದು. ನನ್ನ ಬಾಯಿ ಸುಮ್ಮನಿರಬೇಕಲ್ಲ. ನಾನು ಯಾರಿಗೆ ಅಂಗಿ ಹೊಲಿದರೂ ಕೈ ಇಳಿಬಿಟ್ಟು ಒಮ್ಮೆ, ಎತ್ತಿಸಿ ಒಮ್ಮೆ ಅಳೆಯುತ್ತೇನೆ. ನೆಟ್ಟಗೆ ನಿಂತವರ ಅಳತೆಗೆ ಹೊಲಿದರೆ ಅವರು ಬಸ್ಸಿನ ಕಂಬಿ ಹಿಡಿದಾಗ ಕಂಕುಳು ಹರಿಯುತ್ತದೆ. “ಮಾವ, ಇದರ ಕೈ ಎತ್ತಿಸಿ ನೋಡಲಿಲ್ವಾ?” ಅಂದೆ. ಮೂವತ್ತು ವರ್ಷದ ಇನ್ಸ್‌ಪೆಕ್ಟರು ಬೀದಿಯನ್ನೊಮ್ಮೆ ನೋಡಿ “ಇಲ್ಲಿ ನೆಲ ಸರಿ ಇಲ್ಲ” ಅಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನಾಲಗೆಯ ತುದಿಗೆ ಬಂದಿತ್ತು, ಸೊಸೆ ಎಂಬುದು ನೆನಪಾಗಿ ನುಂಗಿಕೊಂಡೆ.

ಬೋಲ್ಟು ಮೇಷ್ಟ್ರು ಸ್ಟಿಯರಿಂಗ್ ಅಷ್ಟು ದೂರ ತಿರುಗದ ಹಾಗೆ ಒಂದು ತಡೆ ಕೂರಿಸಿದರು. ತಿಕ್ಕುವುದು ನಿಂತಿತು. ಆದರೆ ಮೊದಲು ನಮ್ಮ ಮನೆಯೆದುರು ಒಂದೇ ಸುತ್ತಿಗೆ ತಿರುಗುತ್ತಿದ್ದ ಕೆಂಪಿ ಈಗ ಮುಂದೆ, ಹಿಂದೆ, ಮತ್ತೆ ಮುಂದೆ ಎಂದು ಮೂರು ಸಲ ಹೋಗಬೇಕು. ಪ್ರತಿ ಸಲವೂ ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಬೇಕು. ಅಲ್ಲೇ ಇದ್ದದ್ದು ಕಷ್ಟ. ನಿಂತ ಗಾಡಿಯ ಸ್ಟಿಯರಿಂಗ್ ಕಲ್ಲಾಗಿ ಕೂತಿತ್ತು. ಮೇಷ್ಟ್ರು ನನಗೆ ತಿಳಿಯುವ ಹಾಗೆ ಹೇಳಿದರು: ಮೇಜಿನ ಮೇಲೆ ಒಂದು ಬೆರಳೂರಿ ತಿರುಗಿಸು, ಸುಲಭ. ಪೂರ್ತಿ ಅಂಗೈ ಊರಿ ತಿರುಗಿಸು, ಜಗ್ಗುತ್ತದೆ. ಹೊಸ ಟೈರು ಅಗಲ, ಅದು ಅಂಗೈ. ಸಾಲದ್ದಕ್ಕೆ ಹೊಸ ಚಕ್ರ ಹೊರಕ್ಕೆ ಚಾಚಿಕೊಂಡಿದೆ. ಕೀಲಿನಿಂದ ಚಕ್ರ ದೂರವಾದಷ್ಟೂ ಅದು ತಿರುಗುವ ಬದಲು ನೆಲವನ್ನು ಎಳೆಯುತ್ತದೆ, ಆ ಭಾರವೆಲ್ಲ ಬಂದು ಕೈಗೆ ಬೀಳುತ್ತದೆ. ರಸ್ತೆಯ ಸಣ್ಣ ಗುಂಡಿಯ ಸುದ್ದಿಯೂ ಈಗ ನೇರ ಹೆಗಲಿಗೆ ಬರುತ್ತದೆ ಸಾರ್, ಎಂದು ಮಾವನ ಕಡೆ ನೋಡಿ ಸೇರಿಸಿದರು.

ಮಾವ ತಮ್ಮ ಕಪಾಟಿನಿಂದ ಆ ಸ್ಪ್ರಿಂಗ್ ತಕ್ಕಡಿ ತಂದರು, ಅವರು ರಿಟೈರಾದಾಗ ಆಫೀಸಿನವರು ಕೊಟ್ಟದ್ದು. ಸ್ಟಿಯರಿಂಗಿನ ಅಂಚಿಗೆ ಅದರ ಕೊಕ್ಕೆ ಸಿಕ್ಕಿಸಿ ಎಳೆಯುವುದು, ಸ್ಟಿಯರಿಂಗ್ ತಿರುಗಲು ಶುರುವಾದಾಗ ಮುಳ್ಳು ಎಲ್ಲಿದೆ ನೋಡುವುದು. ಇಂಥ ಉಪಾಯ ಅವರಿಗಲ್ಲದೆ ಇನ್ಯಾರಿಗೆ ಹೊಳೆಯುತ್ತದೆ. ಹಳೇ ಚಕ್ರಕ್ಕೆ ಆರು ಕಿಲೋ ಎಂದು ಮೊದಲೇ ಬರೆದಿಟ್ಟಿದ್ದರು. ಈಗ ಮುಳ್ಳು ಹತ್ತೂವರೆಗೆ ಹೋಗಿ ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ಮಾವ “ಏಳು” ಅಂದರು. ಮೇಷ್ಟ್ರು ನನ್ನ ಮುಖ ನೋಡಿದರು, ನಾನು ಮೇಷ್ಟ್ರ ಮುಖ ನೋಡಿದೆ. ಮಾವ ನೋಟ್‌ಬುಕ್ಕಿನಲ್ಲಿ ಏಳು ಎಂದು ಬರೆದು ಮುಚ್ಚಿದರು. ಕಾಲು ತೊಲ ಕಮ್ಮಿ ತೂಗಿದವರನ್ನು ಬಿಡದ ಮನುಷ್ಯ ಮೂರೂವರೆ ಕಿಲೋ ನುಂಗಿದ್ದರು. ಆ ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ.

ಏನೋ ಇದೆ ಅನ್ನಿಸಿತು. ಎರಡು ದಿನ ಬಿಟ್ಟು, ನಿಮ್ಮನ್ನು ಕರೆತರುವ ದಿನಕ್ಕೆ ಹೊಸ ಅಂಗಿ ಹೊಲಿಯುತ್ತೇನೆಂದು ಅವರನ್ನು ಈ ಕೋಣೆಯ ಕನ್ನಡಿಯ ಮುಂದೆ ನಿಲ್ಲಿಸಿದೆ. ಎಡಗೈ ಎತ್ತಿ ಅಂದೆ, ಎತ್ತಿದರು. ಬಲಗೈ ಎತ್ತಿ ಅಂದೆ. ಭುಜದ ಮಟ್ಟಕ್ಕೆ ಬಂದು ನಿಂತಿತು. “ಸಾಕಮ್ಮ, ಹಳೇ ಅಳತೇಗೇ ಹೊಲಿ” ಅಂದರು. ಅತ್ತೆ, ಅವರು ಎಡಗೈಯಲ್ಲಿ ತಲೆ ಬಾಚುವುದನ್ನು ನಾನು ತಿಂಗಳಿಂದ ನೋಡುತ್ತಿದ್ದೇನೆ, ಮೇಲಿನ ಕಪಾಟಿನ ಡಬ್ಬವನ್ನು ನಿಮ್ಮ ಮಗನಿಂದ ಇಳಿಸಿಕೊಳ್ಳುವುದನ್ನೂ ನೋಡುತ್ತಿದ್ದೇನೆ, ಆದರೂ ನನಗೆ ತಿಳಿಯಲಿಲ್ಲ. ಕಂಡವರ ಭುಜ ಅಳೆದು ಬದುಕುವವಳು ಮನೆಯ ಭುಜವನ್ನೇ ನೋಡಲಿಲ್ಲವೆಂದು ನಾಚಿಕೆಯಾಯಿತು. ಡಾಕ್ಟರಿಗೆ ತೋರಿಸಿದ್ದಾಯಿತು, ಹೆದರುವಂಥದ್ದಲ್ಲ, ಕೀಲು ಬಿಗಿದುಕೊಂಡಿದೆ, ವ್ಯಾಯಾಮ ಮಾಡಿದರೆ ಐದಾರು ತಿಂಗಳಲ್ಲಿ ಬಿಡುತ್ತದೆ ಅಂದಿದ್ದಾರೆ. ನಿಮಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ನಾನು ಹೇಳುತ್ತಿಲ್ಲ, ಬರೆಯುತ್ತಿದ್ದೇನೆ.

ಹೆಗಲು ಹೀಗಿರುವಾಗ ಈ ಭಾರ ಯಾಕೆ ಮೈಮೇಲೆ ಎಳೆದುಕೊಂಡರು ಎಂಬುದು ಗೊತ್ತಾದದ್ದು ಅದೇ ನೋಟ್‌ಬುಕ್ಕಿನಿಂದ. ಟೇಪು ವಾಪಸು ಕೊಡುವಾಗ ಅದನ್ನೂ ನನ್ನ ಮೇಜಿನ ಮೇಲೆ ಬಿಟ್ಟು ಹೋಗಿದ್ದರು. ತೆರೆಯಬಾರದಿತ್ತು, ತೆರೆದೆ. ಏಳು ಎಂಬುದರ ಮೇಲೆ ಒಂದು ನೆಟ್ಟನೆ ಗೆರೆ ಎಳೆದು, ಪಕ್ಕದಲ್ಲಿ ಹತ್ತೂವರೆ ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿದ್ದರು. ತಪ್ಪನ್ನು ಅಳಿಸಬಾರದು, ಗೆರೆ ಎಳೆದು ಸಹಿ ಹಾಕಬೇಕು ಎಂಬುದು ಅವರ ಆಫೀಸಿನ ಕಾಲದ ನಿಯಮ. ಯಾರೂ ನೋಡದ ನೋಟ್‌ಬುಕ್ಕಿನಲ್ಲೂ ಸುಳ್ಳು ತೂಕ ಇಟ್ಟುಕೊಂಡು ಒಂದು ರಾತ್ರಿ ಕಳೆಯಲು ಅವರಿಂದ ಆಗಲಿಲ್ಲ. ಅದರ ಹಿಂದಿನ ಪುಟದ ಮೇಲುಗಡೆ ‘ಅವಳು’ ಎಂದು ಬರೆದಿತ್ತು. ಕೆಳಗೆ ಮನೆಯ ಕುರ್ಚಿಗಳ ಎತ್ತರವೆಲ್ಲ ಇತ್ತು. ಊಟದ ಕುರ್ಚಿ ನಲವತ್ತೈದು ಸೆಂಟಿಮೀಟರ್, ಕೈ ಊರದೆ ಏಳುತ್ತಾಳೆ. ನನ್ನ ಹೊಲಿಗೆ ಸ್ಟೂಲು ನಲವತ್ತೆರಡು, ಏಳುತ್ತಾಳೆ. ಸೋಫಾ ಮೂವತ್ತಾರು, ಕೈ ಊರಿ ಏಳುತ್ತಾಳೆ. ಕೆಂಪಿಯ ಸೀಟು ಇಪ್ಪತ್ತೆಂಟು, ಆಗುವುದಿಲ್ಲ. ಅದರ ಕೆಳಗೆ ಕೂಡುವ ಲೆಕ್ಕ: ದೊಡ್ಡ ಚಕ್ರದಿಂದ ಎರಡು, ಸೀಟಿನ ಮೇಲೆ ದಿಂಬು ಐದು, ಅದಕ್ಕಿಂತ ದಪ್ಪವಾದರೆ ಮಾಡಿನ ಕಂಬಿ ಅವಳ ತಲೆಗೆ ತಾಗುತ್ತದೆ. ಒಟ್ಟು ಮೂವತ್ತೈದು. ಸೋಫಾಗಿಂತ ಒಂದು ಕಮ್ಮಿ. ಅದರ ಮುಂದೆ ಸಣ್ಣ ಅಕ್ಷರದಲ್ಲಿ, ‘ಆ ಒಂದಕ್ಕೆ ನನ್ನ ಕೈ.’

ಅತ್ತೆ, ನಾನು ಸುಲಭಕ್ಕೆ ಅಳುವವಳಲ್ಲ, ನಿಮಗೆ ಗೊತ್ತು. ಮೆಷಿನ್ನಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ನೀವು ಮನೆಯಲ್ಲಿದ್ದಾಗ ಯಾವ ಕುರ್ಚಿಯಿಂದ ಹೇಗೆ ಏಳುತ್ತೀರಿ ಎಂದು ಪೇಪರು ಓದುವ ಹಾಗೆ ನಟಿಸುತ್ತಾ ನೋಡಿಟ್ಟುಕೊಂಡಿದ್ದಾರೆ ಈ ಮಹಾನುಭಾವ. ನಿಮ್ಮ ಮುಂದೆ ಒಂದು ಮೆದು ಮಾತಾಡಿದ್ದನ್ನು ನಾನು ಕೇಳಿಲ್ಲ, “ನಿಧಾನ, ಬಿದ್ದರೆ ಇನ್ನೊಂದು ಮಂಡೀನೂ ಹೋಗುತ್ತೆ” ಎಂದು ಗದರುವುದನ್ನಷ್ಟೇ ಕೇಳಿದ್ದೇನೆ. ನಿಮ್ಮ ಮಗನಿಗೆ ಈ ಪುಟ ತೋರಿಸಿದೆ. ಅವರು ಓದಿ, ಎದ್ದು ಹೋಗಿ, ನನಗೆ ಒಂದು ಲೋಟ ನೀರು ತಂದುಕೊಟ್ಟರು. ಅಪ್ಪನ ಅರ್ಧದಷ್ಟಾದರೂ ಕಲಿತಾರು ಎಂಬ ಆಸೆ ನನಗಿದೆ.

ಅಷ್ಟಾದ ಮೇಲೆ ಬೋಲ್ಟು ಮೇಷ್ಟ್ರಿಗೆ ಮಾವನ ಹೆಗಲಿನ ವಿಷಯ ಹೇಳಿ, ನಾವೆಲ್ಲ ಸೇರಿ ಏನೇನು ಮಾಡಬಹುದೋ ಮಾಡಿದೆವು. ಹಳೇ ಚಕ್ರವನ್ನೇ ಹಾಕಿಬಿಡಿ ಎಂದು ಮೇಷ್ಟ್ರು ಅಂದದ್ದಕ್ಕೆ ಮಾವ ಎದ್ದೇ ಹೋದರು, ಆ ಮಾತು ಅಲ್ಲಿಗೇ ಮುಗಿಯಿತು. ಟೈರಿಗೆ ಸ್ವಲ್ಪ ಗಾಳಿ ಜಾಸ್ತಿ ಹೊಡೆಸಿದರು, ಕೀಲುಗಳಿಗೆ ಗ್ರೀಸು ಹಾಕಿದರು, ಚಕ್ರಗಳ ಅಲೈನ್‌ಮೆಂಟ್ ಸರಿಪಡಿಸಿದರು. ಈಗ ಒಂಬತ್ತು ಕಿಲೋ, ನಾನೇ ಓದಿದ ಮುಳ್ಳು. ಆಮೇಲೆ ಮಾವ ಹದಿನಾಲ್ಕು ದಿನ ಬೆಳಿಗ್ಗೆ ಬೆಳಿಗ್ಗೆ ಹಳೇ ಗೋದಾಮಿನ ಮೈದಾನದಲ್ಲಿ ಅಭ್ಯಾಸ ಮಾಡಿದ್ದಾರೆ, ನಾನು ಪಕ್ಕದ ಸೀಟಿನಲ್ಲಿ. ನಿಂತಲ್ಲಿ ತಿರುಗಿಸಬಾರದು, ಗಾಡಿ ಒಂದು ಮಾರು ಉರುಳಲಿ, ಆಗ ತಿರುಗಿಸು, ಅದೇ ಗುಟ್ಟು. ಉರುಳುವ ಚಕ್ರಕ್ಕೆ ಅರ್ಧ ಬಲ ಸಾಕು. ನಲವತ್ತು ವರ್ಷದ ಅಭ್ಯಾಸ ಬಿಟ್ಟು, ಎಪ್ಪತ್ತೆರಡರ ವಯಸ್ಸಿನಲ್ಲಿ, ಹೊಸದಾಗಿ ಲೈಸೆನ್ಸು ತೆಗೆಯುವವರ ಹಾಗೆ ಕಲಿತರು. ದೊಡ್ಡ ರಸ್ತೆಗೆ ಬಿದ್ದ ಮೇಲಂತೂ ಕೆಂಪಿ ಗೆರೆ ಎಳೆದ ಹಾಗೆ ಹೋಗುತ್ತದೆ, ಮೊದಲಿನ ನಡುಕವೇ ಇಲ್ಲ, ಮಾವನ ಕೈ ಅದರ ಮೇಲೆ ಹಾಯಾಗಿರುತ್ತದೆ. ಅವರಷ್ಟು ಚೆಂದವಾಗಿ ಕಾರು ಓಡಿಸುವವರನ್ನು ನಾನು ನೋಡಿಲ್ಲ, ಇದು ಮುಖಸ್ತುತಿಯಲ್ಲ. ಇನ್ನೊಂದು ತಮಾಷೆ: ಚಕ್ರ ದೊಡ್ಡದಾದ್ದರಿಂದ ಸ್ಪೀಡೋಮೀಟರು ಈಗ ಕಮ್ಮಿ ತೋರಿಸುತ್ತದೆಯಂತೆ. ಅದರ ಗಾಜಿಗೆ ಮಾವ ಒಂದು ಚೀಟಿ ಅಂಟಿಸಿದ್ದಾರೆ, ‘ಈ ಯಂತ್ರ ನಂಬತಕ್ಕದ್ದಲ್ಲ. ಅರವತ್ತು ಎಂದರೆ ಅರವತ್ತನಾಲ್ಕು.’ ಕೆಳಗೆ ಸಹಿ.

ಈಗ ಮನಸ್ಸಿಗೆ ಭಾರವಾದ ಒಂದು ಮಾತು. ಮೊನ್ನೆ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಕೆಂಪಿಯನ್ನು ಕೊಂಡುಕೊಳ್ಳಲು ಒಬ್ಬರನ್ನು ಮಾವ ಸೋಮವಾರ ಬರಹೇಳಿದ್ದಾರಂತೆ. “ಭಾನುವಾರ ಅವಳನ್ನ ಇದರಲ್ಲಿ ಮನೆಗೆ ಕರ್ಕೊಂಡು ಬಂದರೆ ಸರಿ. ಆಗದಿದ್ದರೆ ಇದು ನನಗ್ಯಾಕೆ, ತಗೊಂಡು ಹೋಗಲಿ” ಅಂದರಂತೆ. ಹಟಕ್ಕೆ ಅಂದದ್ದಲ್ಲ, ನಿಮ್ಮ ಯಜಮಾನರು ಒಮ್ಮೆ ಅಂದರೆ ಅಂದ ಹಾಗೆ ಮಾಡುವವರು. ನಿಮ್ಮ ಮಗ ಆಫೀಸಿನ ದೊಡ್ಡ ಗಾಡಿ ತರುತ್ತೇನೆಂದರೆ ಬೇಡವೇ ಬೇಡ ಅಂದಿದ್ದಾರೆ. ಆದ್ದರಿಂದ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕೆಂಪಿಯಲ್ಲಿ ಅವರೊಬ್ಬರೇ ಬರುತ್ತಾರೆ, ನಿಮ್ಮ ಪೆಟ್ಟಿಗೆ ಮಾತ್ರ ಹಿಂದಿನಿಂದ ಬಸ್ಸಿನಲ್ಲಿ ಬರಲಿ. ಸೀಟಿನ ದಿಂಬು ನಾನೇ ಹೊಲಿದದ್ದು, ಸರಿಯಾಗಿ ಐದು ಸೆಂಟಿಮೀಟರ್, ನೀವು ಕೂತರೂ ಕುಗ್ಗದಂಥ ಗಟ್ಟಿ ಸ್ಪಂಜು. ಮೇಲೆ ನಿಮ್ಮ ಹಳೇ ನೀಲಿ ಕೋಟಿನ ಬಟ್ಟೆ ಹಾಕಿದ್ದೇನೆ, ಕೇಳದೆ ಕತ್ತರಿಸಿದ್ದನ್ನು ಹೊಟ್ಟೆಗೆ ಹಾಕಿಕೊಳ್ಳಿ.

ಮಾತ್ರೆ ತಪ್ಪಿಸಬೇಡಿ, ಮೆಟ್ಟಿಲು ಇಳಿಯುವಾಗ ಮೊದಲು ಯಾವ ಕಾಲು ಎಂದು ಡಾಕ್ಟರು ಹೇಳಿದ್ದು ನೆನಪಿರಲಿ. ಚಿಕ್ಕತ್ತೆಗೆ ನನ್ನ ನಮಸ್ಕಾರ ತಿಳಿಸಿ, ಇಷ್ಟು ದಿನ ನಿಮ್ಮನ್ನು ನೋಡಿಕೊಂಡ ಅವರ ಉಪಕಾರ ದೊಡ್ಡದು. ನಿಮ್ಮ ಮಗನ ನಮಸ್ಕಾರವನ್ನೂ ನಾನೇ ಬರೆಯುತ್ತಿದ್ದೇನೆ, ಅವರಿಗೆ ಪೆನ್ನು ಕಾಣಿಸುತ್ತಿಲ್ಲ. ನೀವಿಲ್ಲದೆ ಈ ಮನೆಯಲ್ಲಿ ನನ್ನ ಬಾಯಿಗೆ ಎದುರುತ್ತರ ಕೊಡುವವರಿಲ್ಲ, ಬೇಗ ಬನ್ನಿ.

ಇಂತಿ ನಿಮ್ಮ ಸೊಸೆ,
ನೀವೇ ಹೆಸರಿಟ್ಟ ಕತ್ತರಿ

ಮರೆತಿದ್ದೆ, ಇದೇ ಮುಖ್ಯ: ಅಂಚೆ ಎತ್ತುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮಾವ ನಿನ್ನೆಯಿಂದ ಚಿಕ್ಕತ್ತೆಯವರ ಗಲ್ಲಿಯ ನಕ್ಷೆ ಬರೆದು, ಅದರ ಮೇಲೆ ಬೆಂಕಿಪೊಟ್ಟಣ ಇಟ್ಟು ತಿರುಗಿಸುತ್ತಿದ್ದಾರೆ. ಆ ಗಲ್ಲಿ ಮುಂದೆ ಮುಚ್ಚಿದೆಯಲ್ಲ, ಒಳಗೆ ಬಂದರೆ ತಿರುಗಿಸಲೇಬೇಕು, ಬೆಂಕಿಪೊಟ್ಟಣ ಐದು ಸಲ ಹಿಂದೆ ಮುಂದೆ ಹೋಗುತ್ತದೆ. ಐದು ಸಲವೂ ನಿಂತಲ್ಲೇ. ಒಂಬತ್ತು ಕಿಲೋ, ಆ ಹೆಗಲಿನಲ್ಲಿ, ಗಲ್ಲಿಯವರೆಲ್ಲ ಕಿಟಕಿಯಲ್ಲಿ ನಿಂತು ನೋಡುವಾಗ. ಅಲ್ಲಿ ಸೋತರೆ ಅವರು ಸೋಮವಾರ ಕೀ ಕೊಟ್ಟುಬಿಡುತ್ತಾರೆ. ಆದ್ದರಿಂದ ಗಾಡಿ ಒಳಗೆ ಬರುವುದೇ ಬೇಡ. ಚಿಕ್ಕತ್ತೆಯವರ ಗೇಟಿನಿಂದ ದೊಡ್ಡ ರಸ್ತೆಯ ಔಷಧಿ ಅಂಗಡಿಗೆ ಎಪ್ಪತ್ತೆರಡು ಹೆಜ್ಜೆ, ಫೋನಿನಲ್ಲಿ ನೆಪ ಹೇಳಿ ಚಿಕ್ಕತ್ತೆಯಿಂದಲೇ ಎಣಿಸಿಕೊಂಡಿದ್ದೇನೆ. ನಿಮ್ಮದು ಎಂಬತ್ತು. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗಲೇ ಹೊರಟು ಅಂಗಡಿಯ ಮುಂದೆ ನಿಂತಿರಿ, ಮಾವನ ಕೈಗೆ ಅವರ ಹೆಗಲಿನ ಮುಲಾಮಿನ ಚೀಟಿ ಕೊಟ್ಟು ಮೊದಲು ಅಲ್ಲೇ ನಿಲ್ಲಿಸುವ ಹಾಗೆ ಮಾಡುತ್ತೇನೆ. ಯಾಕೆ ಇಲ್ಲಿಯವರೆಗೆ ಬಂದೆ ಎಂದು ಗದರುತ್ತಾರೆ, ನಿಮಗೆ ನಡೆದು ತೋರಿಸೋಕೆ ಅನ್ನಿ, ಅದು ಸುಳ್ಳೂ ಅಲ್ಲ. ಮನೆಗೆ ಬಂದು ಇಳಿಯುವಾಗ ಅವರು ನಿಮ್ಮ ಕಡೆ ಸುತ್ತಿ ಬಂದು ಕೈ ಚಾಚುತ್ತಾರೆ. ಮರೆಯದೆ ಅವರ ಎಡಗೈ ಹಿಡಿಯಿರಿ.